ಬಾಳಿಗೊಂದು ಗುರಿ

ಪ್ರೌಢಶಾಲೆಯ ಕೊನೆಯ ತರಗತಿಗೆ ಬಂದ ಬಾಲಕನನ್ನಾಗಲಿ ಬಾಲಕಿಯನ್ನಾಗಲಿ ಕಂಡೊಡನೆ ಹಿರಿಯರು ಕೇಳುವ ಪ್ರಶ್ನೆ ಒಂದೇ: ‘ಮುಂದೆ ಏನಾಗಬೇಕೆಂದಿದ್ದೀಯೆ?’ ಅದಕ್ಕೆ ಉತ್ತರಗಳೂ ಸಿದ್ಧವಾಗಿಯೇ ಇರುತ್ತವೆ. ಒಬ್ಬರು ವೈದ್ಯರಾಗಬೇಕೆನ್ನುತ್ತಾರೆ, ಇನ್ನೊಬ್ಬರು ಇಂಜಿನಿಯರಾಗಬೇಕೆನ್ನುತ್ತಾರೆ, ಮತ್ತೊಬ್ಬರು ಸರ್ಕಾರಿ ಅಧಿಕಾರಿಯಾಗುವ ಕನಸನ್ನು ಹೇಳಿಕೊಳ್ಳುತ್ತಾರೆ. ಕೇಳಿದವರಿಗೂ ಹೇಳಿದವರಿಗೂ ಅಲ್ಲಿಗೆ ಸಮಾಧಾನವಾಗುತ್ತದೆ. ಆದರೆ ‘ಹಾಗೆ ಆದ ಮೇಲೆ ಯಾರಿಗೆ ಒದಗುವೆ?’ ಎಂಬ ಎರಡನೆಯ ಪ್ರಶ್ನೆಯನ್ನು ಕೇಳುವವರು ವಿರಳ. ಮೊದಲನೆಯ ಪ್ರಶ್ನೆ ಉದ್ಯೋಗವನ್ನು ಕುರಿತದ್ದು. ಎರಡನೆಯದು ಬಾಳಿನ ಗುರಿಯನ್ನು ಕುರಿತದ್ದು. ಉದ್ಯೋಗವು ಅರುವತ್ತರ ವಯಸ್ಸಿಗೆ ಮುಗಿಯಬಹುದು. ಗುರಿಯಾದರೋ ಉಸಿರಿರುವವರೆಗೆ ಮನುಷ್ಯನನ್ನು ನಡೆಸುತ್ತದೆ. ಅವನು ಹೋದ ಮೇಲೂ ಇತರರನ್ನು ನಡೆಸುತ್ತದೆ.

ಗುರಿ ಎಂಬುದು ಎಲ್ಲಿಂದ ಬರುತ್ತದೆ? ಮೊದಲು ತಾನು ಚೆನ್ನಾಗಿ ಬೆಳೆಯಬೇಕು, ಬುದ್ಧಿ ಬಲಿಯಬೇಕು, ಹಣ ಕೂಡಬೇಕು, ಆಮೇಲೆ ಒಂದು ದೊಡ್ಡ ಗುರಿಯನ್ನು ಆರಿಸಿಕೊಳ್ಳಬಹುದು ಎಂದು ಬಹುಮಂದಿ ಭಾವಿಸುತ್ತಾರೆ. ವೀಳ್ಯದೆಲೆಯ ತೋಟವನ್ನು ಕಂಡವರು ಹೀಗೆ ಹೇಳಲಾರರು. ಬಳ್ಳಿಯು ಎತ್ತರಕ್ಕೆ ಬೆಳೆದ ಮೇಲೆ ಮರವನ್ನು ಹುಡುಕಿಕೊಂಡು ಹೋಗುವುದಿಲ್ಲ. ಪಕ್ಕದಲ್ಲಿದ್ದ ಮರವನ್ನು ಹಿಡಿದುದರಿಂದಲೇ ಅದು ಎತ್ತರಕ್ಕೆ ಬೆಳೆಯುತ್ತದೆ. ಆಸರೆಯನ್ನು ಹಿಡಿಯದ ಬಳ್ಳಿ ನೆಲದ ಮೇಲೆಯೇ ಹಬ್ಬಿ, ತುಳಿದವರ ಕಾಲಿಗೆ ಸಿಕ್ಕಿ ಸೊರಗುತ್ತದೆ. ಮನುಷ್ಯನ ವ್ಯಕ್ತಿತ್ವದ ವಿಕಾಸವೂ ಇಂಥದೇ. ತನ್ನ ಬಳಿಯಲ್ಲಿಯೇ ಇರುವ ಒಂದು ಅಗತ್ಯವನ್ನು ಹಿಡಿದವನು ಅದರೊಡನೆ ತಾನೂ ಬೆಳೆಯುತ್ತಾನೆ.

ಈ ಮಾತಿಗೆ ನಿದರ್ಶನಗಳನ್ನು ದೂರದಲ್ಲಿ ಅರಸಬೇಕಾಗಿಲ್ಲ. ಮೈಸೂರು ಜಿಲ್ಲೆಯ ಪಶ್ಚಿಮ ಭಾಗದಲ್ಲಿ ಪಿರಿಯಾಪಟ್ಟಣ, ಹುಣಸೂರು, ಹೆಗ್ಗಡದೇವನಕೋಟೆ, ಕೃಷ್ಣರಾಜನಗರ ಎಂಬ ತಾಲ್ಲೂಕುಗಳಿವೆ. ಕೊಡಗಿನ ಬೆಟ್ಟಗಳಲ್ಲಿ ಹುಟ್ಟಿದ ಕಾವೇರಿಯೂ ಲಕ್ಷ್ಮಣತೀರ್ಥವೂ, ವಯನಾಡಿನ ಕಡೆಯಿಂದ ಇಳಿದು ಬರುವ ಕಬಿನಿಯೂ ಈ ನೆಲವನ್ನು ತಣಿಸುತ್ತವೆ. ಒಂದು ಕಡೆ ನಾಗರಹೊಳೆಯ ದಟ್ಟವಾದ ಕಾಡು, ಇನ್ನೊಂದು ಕಡೆ ಹೊಗೆಸೊಪ್ಪು, ರಾಗಿ, ಮುಸುಕಿನ ಜೋಳಗಳ ಹೊಲಗಳು, ಮತ್ತೊಂದು ಕಡೆ ನಾಲೆಯ ನೀರಿನಲ್ಲಿ ತೊನೆಯುವ ಭತ್ತದ ಗದ್ದೆಗಳು. ಈ ನಾಲ್ಕು ತಾಲ್ಲೂಕುಗಳ ನೆಲದಲ್ಲಿ ನಡೆದ ನಾಲ್ಕು ಕಾರ್ಯಗಳನ್ನು ಪರಿಶೀಲಿಸಿದರೆ, ಗುರಿಯುಳ್ಳ ಬಾಳು ಎಂದರೇನು ಎಂಬುದು ತಾನಾಗಿಯೇ ತಿಳಿಯುತ್ತದೆ.

ಮೊದಲನೆಯದು ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆಯ ಕಥೆ. ೧೯೫೯ರಲ್ಲಿ ದಲೈ ಲಾಮಾ ಅವರು ಟಿಬೆಟ್ಟನ್ನು ತೊರೆದು ಭಾರತಕ್ಕೆ ಬಂದರು. ಅವರ ಹಿಂದೆಯೇ ಸಹಸ್ರಾರು ಜನರು ಹಿಮಾಲಯವನ್ನು ದಾಟಿ ಬಂದರು. ಮನೆ, ಹೊಲ, ದನಕರು, ಗುಡಿ ಎಲ್ಲವೂ ಅವರ ಪಾಲಿಗೆ ಇಲ್ಲವಾಗಿದ್ದವು. ಅವರಿಗೆ ನೆಲೆ ಕಲ್ಪಿಸಲು ಅಂದಿನ ಮೈಸೂರು ರಾಜ್ಯವು ಮುಂದೆ ಬಂದು, ಬೈಲುಕುಪ್ಪೆಯ ಬಳಿ ಸುಮಾರು ಮೂರು ಸಾವಿರ ಎಕರೆ ನೆಲವನ್ನು ನೀಡಿತು. ೧೯೬೧ರ ವೇಳೆಗೆ ನಿರಾಶ್ರಿತರ ತಂಡಗಳು ಅಲ್ಲಿಗೆ ಬರತೊಡಗಿದವು. ಕೊಟ್ಟ ನೆಲವು ಉತ್ತು ಬಿತ್ತುವ ಹೊಲವಾಗಿರಲಿಲ್ಲ, ಅದು ಕಾಡಾಗಿತ್ತು. ಹಿಮದ ನಾಡಿನ ಜನಕ್ಕೆ ಇಲ್ಲಿಯ ಬಿಸಿಲು ಹೊಸದು, ಮಳೆ ಹೊಸದು, ಕಾಯಿಲೆಗಳು ಹೊಸವು, ಭಾಷೆ ಹೊಸದು. ಅವರು ಡೇರೆಗಳಲ್ಲಿಯೂ ಬಿದಿರಿನ ಗುಡಿಸಲುಗಳಲ್ಲಿಯೂ ವಾಸಿಸುತ್ತ ಮರಗಳನ್ನು ಕಡಿದು, ಬೇರುಗಳನ್ನು ಕಿತ್ತು ನೆಲವನ್ನು ಹಸನು ಮಾಡಬೇಕಾಯಿತು. ಬೆಳೆದ ಬೆಳೆಗೆ ಕಾಡಾನೆಗಳ ಕಾಟವೂ ಇತ್ತು.

ಇಂಥ ಸ್ಥಿತಿಯಲ್ಲಿ ಮನುಷ್ಯನು ಕಳೆದುಕೊಂಡುದನ್ನೇ ನೆನೆಯುತ್ತ ಕುಳಿತರೆ ಅದು ಅಸಹಜವಲ್ಲ. ಆದರೆ ಆ ಜನರು ಹಾಗೆ ಕುಳಿತುಕೊಳ್ಳಲಿಲ್ಲ. ಮಕ್ಕಳಿಗೆ ಶಾಲೆ, ಬೆಳೆಗಾರರಿಗೆ ಸಹಕಾರ ಸಂಘ, ಮನಸ್ಸಿನ ನೆಮ್ಮದಿಗೆ ವಿಹಾರ ಎಂದು ಒಂದೊಂದನ್ನೇ ಕಟ್ಟಿಕೊಂಡರು. ಮುಸುಕಿನ ಜೋಳವನ್ನು ಬೆಳೆದರು; ಬಿಡುವಿನ ಕಾಲದಲ್ಲಿ ದೂರದ ನಗರಗಳಿಗೆ ಹೋಗಿ ಉಣ್ಣೆಯ ಉಡುಪುಗಳನ್ನು ಮಾರಿ ಸಂಸಾರವನ್ನು ತೂಗಿಸಿದರು. ಪೆನೋರ್ ರಿನ್‌ಪೋಚೆ ಎಂಬ ಧರ್ಮಗುರುಗಳು ೧೯೬೩ರಲ್ಲಿ ಬೆರಳೆಣಿಕೆಯ ಭಿಕ್ಷುಗಳೊಡನೆ ಅಲ್ಲಿ ನಾಮ್‌ಡ್ರೋಲಿಂಗ್ ವಿಹಾರವನ್ನು ಆರಂಭಿಸಿದರು. ಬಿದಿರಿನಿಂದ ಕಟ್ಟಿದ ಒಂದು ಪುಟ್ಟ ಗುಡಿಯೇ ಅದರ ಮೊದಲ ರೂಪ. ಗುರುಗಳೆಂದು ಅವರು ದೂರ ನಿಲ್ಲಲಿಲ್ಲ. ಕಲ್ಲು ಮಣ್ಣುಗಳ ಕೆಲಸದಲ್ಲಿ ತಾವೂ ಕೈ ಜೋಡಿಸಿದರು. ೨೦೦೯ರಲ್ಲಿ ಅವರು ನಿಧನರಾಗುವ ಹೊತ್ತಿಗೆ ಅದು ಸಾವಿರಾರು ಭಿಕ್ಷುಗಳೂ ಭಿಕ್ಷುಣಿಯರೂ ವ್ಯಾಸಂಗ ಮಾಡುವ ದೊಡ್ಡ ವಿದ್ಯಾಕೇಂದ್ರವಾಗಿ ಬೆಳೆದಿತ್ತು. ಇಂದು ಪ್ರವಾಸಿಗರು ಅಲ್ಲಿಯ ಚಿನ್ನದ ಬಣ್ಣದ ಬುದ್ಧಮೂರ್ತಿಗಳನ್ನು ಕಂಡು ಬೆರಗಾಗುತ್ತಾರೆ. ಬೆರಗಾಗಬೇಕಾದುದು ಆ ಮೂರ್ತಿಗಳ ಹೊಳಪಿಗಲ್ಲ. ಬಿದಿರಿನ ಗುಡಿಯಿಂದ ಅಲ್ಲಿಯವರೆಗೆ ಒಂದು ದಿನವೂ ಬಿಡದೆ ನಡೆದ ದುಡಿಮೆಗೆ.

ಬೈಲುಕುಪ್ಪೆಯು ಕಲಿಸುವ ಪಾಠ ಇದು: ಗುರಿ ಎಷ್ಟೇ ದೊಡ್ಡದಾಗಿರಲಿ, ಅದರ ಆರಂಭ ಸಣ್ಣದು, ಅದರ ದಾರಿ ದಿನನಿತ್ಯದ ಕೆಲಸ. ಒಂದು ಸಂಸ್ಕೃತಿಯನ್ನು ಉಳಿಸಿಕೊಳ್ಳಬೇಕೆಂಬ ಹಿರಿಯ ಸಂಕಲ್ಪವು ಅಲ್ಲಿ ಮೊದಲು ಕಾಣಿಸಿಕೊಂಡದ್ದು ಭಾಷಣದಲ್ಲಲ್ಲ, ಒಂದು ಬೇರನ್ನು ನೆಲದಿಂದ ಕಿತ್ತುದರಲ್ಲಿ.

ಇಲ್ಲಿ ಒಂದು ಸಂದೇಹ ಬರಬಹುದು. ಎಲ್ಲವನ್ನೂ ಕಳೆದುಕೊಂಡವರಿಗೆ ಕಷ್ಟವೇ ಗುರಿಯನ್ನು ತೋರಿಸಿಕೊಟ್ಟಿತು. ಕೊರತೆಯಿಲ್ಲದ ಮನೆಯಲ್ಲಿ ಹುಟ್ಟಿದವನಿಗೆ ಗುರಿಯ ಅಗತ್ಯವಾದರೂ ಏನು? ಈ ಸಂದೇಹಕ್ಕೆ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯು ಉತ್ತರ ಹೇಳುತ್ತದೆ. ಅದು ಡಿ. ದೇವರಾಜ ಅರಸು ಅವರ ಊರು.

ದೇವರಾಜ ಅರಸು ಅವರು ೧೯೧೫ನೆಯ ಆಗಸ್ಟ್ ೨೦ರಂದು ಜನಿಸಿದರು. ಸಂಖ್ಯೆಯಲ್ಲಿ ಚಿಕ್ಕದಾದರೂ ಮೈಸೂರು ರಾಜಮನೆತನದೊಡನೆ ನಂಟುಳ್ಳ ಅರಸು ಸಮುದಾಯಕ್ಕೆ ಅವರು ಸೇರಿದವರು. ಮನೆಯಲ್ಲಿ ಸಾಕಷ್ಟು ಜಮೀನಿತ್ತು. ಮೈಸೂರಿನ ಅರಸು ಬೋರ್ಡಿಂಗ್ ಶಾಲೆಯಲ್ಲಿ ಓದಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ವಿಜ್ಞಾನ ಪದವಿಯನ್ನು ಪಡೆದರು. ಆ ಕಾಲದಲ್ಲಿ ಅಂಥ ಪದವೀಧರನಿಗೆ ನಗರದಲ್ಲಿ ನೌಕರಿ ದೊರೆಯುವುದು ಕಷ್ಟವಾಗಿರಲಿಲ್ಲ. ಆದರೆ ಅವರು ಕಲ್ಲಹಳ್ಳಿಗೆ ಹಿಂದಿರುಗಿ ಬೇಸಾಯದಲ್ಲಿ ತೊಡಗಿದರು. ಹಳ್ಳಿಯ ಬದುಕಿನ ಒಳಹೊರಗುಗಳನ್ನು ಅವರು ಪುಸ್ತಕದಿಂದ ಅರಿತವರಲ್ಲ. ಹೊಲದ ಬದುವಿನ ಮೇಲೆ ನಿಂತು ಅರಿತವರು. ೧೯೪೧ರಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆಗೆ ಆಯ್ಕೆಯಾದರು. ಸ್ವಾತಂತ್ರ್ಯಾನಂತರ ೧೯೫೨ರಲ್ಲಿ ನಡೆದ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ಹುಣಸೂರಿನಿಂದ ಶಾಸನಸಭೆಯನ್ನು ಪ್ರವೇಶಿಸಿದರು. ೧೯೭೨ರ ಮಾರ್ಚ್ ತಿಂಗಳಿನಲ್ಲಿ ರಾಜ್ಯದ ಮುಖ್ಯಮಂತ್ರಿಯಾದರು. ೧೯೭೩ರ ನವೆಂಬರ್ ೧ರಂದು ರಾಜ್ಯಕ್ಕೆ ‘ಕರ್ನಾಟಕ’ ಎಂಬ ಹೆಸರು ಬಂದದ್ದು ಅವರ ಆಡಳಿತ ಕಾಲದಲ್ಲಿಯೇ.

ಅಂದಿನ ಹಳ್ಳಿಗಳಲ್ಲಿ ಉಳುವವನು ಒಬ್ಬ, ಭೂಮಿಯ ಒಡೆಯ ಮತ್ತೊಬ್ಬ. ತಲೆಮಾರುಗಳಿಂದ ಒಂದೇ ಗದ್ದೆಯಲ್ಲಿ ಬೆವರು ಸುರಿಸಿದ ಗೇಣಿದಾರನಿಗೆ ಆ ಗದ್ದೆಯ ಮೇಲೆ ಹಕ್ಕಿರಲಿಲ್ಲ. ಬೆಳೆ ಬಂದಾಗ ಗೇಣಿಯನ್ನು ಅಳೆಯಬೇಕು. ಬಾರದಿದ್ದಾಗ ಸಾಲ ಮಾಡಬೇಕು. ಒಡೆಯನು ಮುನಿದರೆ ಗದ್ದೆಯನ್ನೇ ಬಿಟ್ಟು ಹೋಗಬೇಕು. ಭೂಸುಧಾರಣೆಯ ಶಾಸನವೊಂದು ೧೯೬೧ರಲ್ಲಿಯೇ ರಚಿತವಾಗಿತ್ತಾದರೂ ಅದರ ಫಲ ಉಳುವವನ ಕೈಗೆ ಎಟುಕಿರಲಿಲ್ಲ. ಅರಸು ಅವರ ಸರ್ಕಾರವು ಅದಕ್ಕೆ ಬಲವಾದ ತಿದ್ದುಪಡಿಯನ್ನು ತಂದಿತು. ಅದು ೧೯೭೪ರ ಮಾರ್ಚ್ ೧ರಿಂದ ಜಾರಿಗೆ ಬಂದಿತು. ಗೇಣಿಗೆ ಕೊಟ್ಟ ಭೂಮಿಯು ಸರ್ಕಾರಕ್ಕೆ ಸೇರಿ, ಸರ್ಕಾರದ ಮೂಲಕ ಉಳುವವನಿಗೆ ದೊರೆಯುವ ಏರ್ಪಾಡಾಯಿತು. ರೈತನು ಏಳನೆಯ ನಮೂನೆಯ ಅರ್ಜಿಯನ್ನು ಸಲ್ಲಿಸಿ, ಭೂನ್ಯಾಯ ಮಂಡಳಿಯ ಮುಂದೆ ನಿಂತು ತನ್ನ ಹಕ್ಕನ್ನು ಕೇಳುವ ಕಾಲ ಬಂದಿತು. ಅದುವರೆಗೆ ಒಡೆಯನ ಜಗುಲಿಯ ಕೆಳಗೆ ಕೈಕಟ್ಟಿ ನಿಲ್ಲುತ್ತಿದ್ದವನು ಅಧಿಕಾರಿಗಳ ಎದುರಿನಲ್ಲಿ ‘ಈ ಭೂಮಿಯನ್ನು ಉಳುತ್ತಿರುವವನು ನಾನು’ ಎಂದು ನಿರ್ಭಯವಾಗಿ ಹೇಳುವಂತಾಯಿತು. ಭೂಮಿ ದೊರೆತುದು ಎಷ್ಟು ಮುಖ್ಯವೋ ಆ ಧೈರ್ಯ ದೊರೆತುದೂ ಅಷ್ಟೇ ಮುಖ್ಯ.

ಅರಸು ಅವರ ಕಾರ್ಯ ಅಷ್ಟಕ್ಕೇ ನಿಲ್ಲಲಿಲ್ಲ. ಹಿಂದುಳಿದ ವರ್ಗಗಳ ಸ್ಥಿತಿಗತಿಗಳನ್ನು ಅರಿಯಲು ೧೯೭೨ರಲ್ಲಿ ಎಲ್. ಜಿ. ಹಾವನೂರರ ಅಧ್ಯಕ್ಷತೆಯಲ್ಲಿ ಆಯೋಗವನ್ನು ನೇಮಿಸಿದರು. ಅದರ ವರದಿಯು ೧೯೭೫ರಲ್ಲಿ ಬಂದಿತು. ಶಾಲೆಯ ಮುಖವನ್ನೇ ಕಾಣದಿದ್ದ ಎಷ್ಟೋ ಕುಲಗಳ ಮಕ್ಕಳು ವಿದ್ಯಾರ್ಥಿನಿಲಯಗಳಲ್ಲಿದ್ದು ಓದುವ ಅವಕಾಶ ವಿಸ್ತಾರವಾಯಿತು. ಅವರ ಮಂತ್ರಿಮಂಡಲದಲ್ಲಿದ್ದ ಬಿ. ಬಸವಲಿಂಗಪ್ಪನವರು ಮನುಷ್ಯನು ತಲೆಯ ಮೇಲೆ ಮಲ ಹೊರುವ ಅಮಾನುಷ ಪದ್ಧತಿಯನ್ನು ನಿಲ್ಲಿಸಲು ಕ್ರಮ ಕೈಗೊಂಡರು. ಜೀತದಾಳುಗಳ ಬಿಡುಗಡೆಯ ಕಾರ್ಯವೂ ನಡೆಯಿತು.

ಈ ಕಾರ್ಯಗಳಿಗೆ ಬೆಲೆಯನ್ನೂ ತೆರಬೇಕಾಯಿತು. ಭೂಮಿಯುಳ್ಳ ಮನೆತನದಲ್ಲಿ ಹುಟ್ಟಿದವರೇ ಭೂಮಿಯಿಲ್ಲದವರ ಪರವಾಗಿ ನಿಂತಾಗ ತಮ್ಮ ವಲಯದವರ ಅಸಮಾಧಾನಕ್ಕೆ ಗುರಿಯಾಗುವುದು ಅನಿವಾರ್ಯ. ೧೯೮೦ರ ಜನವರಿಯಲ್ಲಿ ಅರಸು ಅವರು ಅಧಿಕಾರವನ್ನು ಬಿಟ್ಟರು. ೧೯೮೨ನೆಯ ಜೂನ್ ೬ರಂದು ನಿಧನರಾದರು. ಅವರ ಶಾಸನವು ಸರ್ವರ ಸಂಕಟವನ್ನೂ ನೀಗಿಸಿತೆಂದು ಹೇಳಲಾಗದು. ಗೇಣಿ ಪದ್ಧತಿ ಬಲವಾಗಿದ್ದ ಕರಾವಳಿ, ಮಲೆನಾಡುಗಳಲ್ಲಿ ಅದರ ಫಲ ಹೆಚ್ಚಾಗಿ ಕಂಡಿತು. ಗೇಣಿದಾರನೂ ಅಲ್ಲದ ಬರಿಯ ಕೂಲಿಯಾಳಿಗೆ ಅಷ್ಟು ಫಲ ದೊರೆಯಲಿಲ್ಲ. ಹೀಗಿದ್ದರೂ ಯಾವ ಮನೆಯಲ್ಲಿ ಹಿಂದೆ ಒಬ್ಬನೂ ಓದಿರಲಿಲ್ಲವೋ ಆ ಮನೆಯಿಂದ ಉಪಾಧ್ಯಾಯರೂ ಅಧಿಕಾರಿಗಳೂ ಬರುವಂತಾದುದರಲ್ಲಿ ಆ ಕಾಲದ ಪಾತ್ರ ದೊಡ್ಡದು. ಗುರಿಯು ನಿಜವಾದುದೋ ಅಲ್ಲವೋ ಎಂಬುದನ್ನು ಒರೆಗೆ ಹಚ್ಚುವ ಕಲ್ಲು ತ್ಯಾಗ. ತನಗೆ ಏನೂ ನಷ್ಟವಿಲ್ಲದಾಗ ನ್ಯಾಯವನ್ನು ಹೇಳುವುದು ಸುಲಭ. ತನ್ನ ಕಡೆಯವರೇ ಎದುರು ನಿಂತಾಗಲೂ ನ್ಯಾಯದ ಪಕ್ಕವನ್ನು ಬಿಡದಿರುವುದು ಗುರಿಯುಳ್ಳವನ ಲಕ್ಷಣ.

ದೇವರಾಜ ಅರಸು ಅವರ ಕೈಯಲ್ಲಿ ಅಧಿಕಾರವಿತ್ತು. ಅಧಿಕಾರವಿಲ್ಲದ, ಹಣವಿಲ್ಲದ, ಇನ್ನೂ ಓದುತ್ತಿರುವ ವಿದ್ಯಾರ್ಥಿಗಳು ಏನು ತಾನೆ ಮಾಡಿಯಾರು? ಹೆಗ್ಗಡದೇವನಕೋಟೆಯ ಕಾಡಂಚಿನಲ್ಲಿ ಇದಕ್ಕೂ ಉತ್ತರವಿದೆ.

ಕಬಿನಿ ನದಿಗೆ ಅಣೆಕಟ್ಟು ಕಟ್ಟಿದಾಗ ಹಲವು ಊರುಗಳು ಮುಳುಗಡೆಯಾದವು. ವನ್ಯಮೃಗಗಳ ರಕ್ಷಣೆಗಾಗಿ ಕಾಡನ್ನು ಕಾಯ್ದಿರಿಸಿದಾಗ ಕಾಡನ್ನೇ ಮನೆಯಾಗಿಸಿಕೊಂಡಿದ್ದ ಜೇನುಕುರುಬ, ಕಾಡುಕುರುಬ, ಯರವ ಮೊದಲಾದ ಜನರಲ್ಲಿ ಅನೇಕರು ತಮ್ಮ ಹಾಡಿಗಳನ್ನು ಬಿಟ್ಟು ಹೊರಗೆ ಬರಬೇಕಾಯಿತು. ಜೇನು, ಗೆಡ್ಡೆಗೆಣಸು, ಸೊಪ್ಪುಸದೆಗಳನ್ನು ಕಾಡಿನಿಂದ ತಂದು ಬದುಕುತ್ತಿದ್ದವರು ಕೂಲಿಯನ್ನು ಅರಸುವಂತಾದರು. ಅಣೆಕಟ್ಟಿನ ನೀರು ದೂರದ ಹೊಲಗಳಿಗೆ ಹರಿಯಿತು. ಕಾಡಿನ ಪ್ರಾಣಿಗಳಿಗೆ ರಕ್ಷಣೆ ದೊರೆಯಿತು. ಎರಡೂ ನಾಡಿಗೆ ಬೇಕಾದ ಕೆಲಸಗಳೇ. ಆದರೆ ಅವುಗಳ ಭಾರವನ್ನು ಹೊತ್ತವರನ್ನು ನಾಡು ಮರೆತಿತ್ತು.

ಅದೇ ಕಾಲಕ್ಕೆ ಮೈಸೂರು ವೈದ್ಯಕೀಯ ಕಾಲೇಜಿನಲ್ಲಿ ಓದುತ್ತಿದ್ದ ಆರ್. ಬಾಲಸುಬ್ರಹ್ಮಣ್ಯಂ ಎಂಬ ತರುಣನು ಸ್ವಾಮಿ ವಿವೇಕಾನಂದರ ವಿಚಾರಗಳಿಂದ ಪ್ರಭಾವಿತನಾಗಿದ್ದನು. ವಿವೇಕಾನಂದರು ೧೮೯೨ರಲ್ಲಿ ಮೈಸೂರಿಗೆ ಬಂದು ಚಾಮರಾಜೇಂದ್ರ ಒಡೆಯರ ಅತಿಥಿಯಾಗಿದ್ದವರು. ಬಡವರ ಸೇವೆಯೇ ಭಗವಂತನ ಸೇವೆ ಎಂಬ ಅವರ ಬೋಧೆಯು ತೊಂಬತ್ತು ವರ್ಷಗಳ ನಂತರ ಅದೇ ನಗರದ ಒಬ್ಬ ವಿದ್ಯಾರ್ಥಿಯ ಮನಸ್ಸಿನಲ್ಲಿ ಮೊಳಕೆಯೊಡೆಯಿತು. ೧೯೮೪ರಲ್ಲಿ ಆ ತರುಣನು ಗೆಳೆಯರೊಡನೆ ಕೂಡಿ ‘ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್’ ಎಂಬ ಸಂಸ್ಥೆಯನ್ನು ಆರಂಭಿಸಿದನು. ಆಗ ಅವನಿಗೆ ಇಪ್ಪತ್ತು ವರ್ಷವೂ ತುಂಬಿರಲಿಲ್ಲ. ವಿದ್ಯಾರ್ಥಿಗಳ ಬಳಿ ಹಣವೆಲ್ಲಿಂದ ಬರಬೇಕು? ವೈದ್ಯರಿಗೆ ಮಾದರಿಯಾಗಿ ಬರುತ್ತಿದ್ದ ಔಷಧಿಗಳನ್ನು ಬೇಡಿ ತಂದು ಬಡ ರೋಗಿಗಳಿಗೆ ಕೊಡುವುದು, ಅಗತ್ಯವಿದ್ದವರಿಗೆ ರಕ್ತದಾನ ಮಾಡುವುದು, ಇಂಥವೇ ಅವರ ಮೊದಲ ಕಾರ್ಯಗಳು.

ಓದು ಮುಗಿದ ಮೇಲೆ ಈ ತರುಣ ವೈದ್ಯರು ನಗರದಲ್ಲಿ ನೆಲೆಸಬಹುದಾಗಿತ್ತು. ಅವರಾದರೋ ಹೆಗ್ಗಡದೇವನಕೋಟೆ ತಾಲ್ಲೂಕಿನ ಹಾಡಿಗಳ ದಾರಿ ಹಿಡಿದರು. ಬ್ರಹ್ಮಗಿರಿ ಹಾಡಿಯಲ್ಲಿ ಅವರ ಕೆಲಸ ಮೊದಲಾಯಿತು. ಹೊರಗಿನವರಿಂದ ಹಲವು ಬಾರಿ ನೊಂದಿದ್ದ ಜನರು ಹೊಸಬರನ್ನು ಒಮ್ಮೆಗೇ ನಂಬುವುದು ಸಾಧ್ಯವಿರಲಿಲ್ಲ. ನಂಬಿಕೆಯನ್ನು ಔಷಧಿಯಂತೆ ಸೀಸೆಯಲ್ಲಿ ತುಂಬಿ ಕೊಡಲಾಗದು. ಜೊತೆಯಲ್ಲಿ ಬಾಳಿ ಗಳಿಸಬೇಕು. ಜೊತೆಯಲ್ಲಿ ಬಾಳತೊಡಗಿದ ಮೇಲೆ ಆ ವೈದ್ಯರಿಗೆ ಒಂದು ಸತ್ಯ ಗೋಚರಿಸಿತು. ರೋಗಕ್ಕೆ ಮದ್ದು ಕೊಡಬಹುದು. ಆದರೆ ಹಸಿವೂ ಅನಕ್ಷರತೆಯೂ ಹಾಗೆಯೇ ಉಳಿದರೆ ರೋಗವು ಮರಳಿ ಬರುತ್ತದೆ. ಹೀಗಾಗಿ ವೈದ್ಯರು ಶಾಲೆಯನ್ನೂ ತೆರೆಯಬೇಕಾಯಿತು. ಹಾಡಿಯ ಮಕ್ಕಳಿಗಾಗಿ ಬ್ರಹ್ಮಗಿರಿಯಲ್ಲಿ ಒಂದು ದನದ ಕೊಟ್ಟಿಗೆಯಲ್ಲಿ ಪಾಠ ಆರಂಭವಾಯಿತು. ಮುಂದೆ ಹೊಸಹಳ್ಳಿಯಲ್ಲಿ ಗಿರಿಜನ ಮಕ್ಕಳ ಶಾಲೆಯೂ, ಕೆಂಚನಹಳ್ಳಿಯಲ್ಲಿ ಚಿಕ್ಕ ಆಸ್ಪತ್ರೆಯೂ, ಇಂದು ಪ್ರತ್ಯೇಕ ತಾಲ್ಲೂಕಿನ ಕೇಂದ್ರವಾಗಿರುವ ಸರಗೂರಿನಲ್ಲಿ ವಿವೇಕಾನಂದ ಸ್ಮಾರಕ ಆಸ್ಪತ್ರೆಯೂ ತಲೆಯೆತ್ತಿದವು.

ಇಲ್ಲಿ ಗಮನಿಸಬೇಕಾದ ಸಂಗತಿಗಳು ಎರಡು. ಒಂದನೆಯದು, ಕೊಡಲು ಹೋದವರು ಕಲಿತು ಬಂದರು. ಇದ್ದುದನ್ನು ಹಂಚಿಕೊಂಡು ತಿನ್ನುವುದು, ಕಾಡಿನಿಂದ ಬೇಕಾದಷ್ಟನ್ನೇ ತೆಗೆದುಕೊಳ್ಳುವುದು, ನಾಳೆಯ ಚಿಂತೆಯಲ್ಲಿ ಇಂದಿನ ನಗೆಯನ್ನು ಕಳೆದುಕೊಳ್ಳದಿರುವುದು, ಇವು ಹಾಡಿಯ ಜನರ ಬಾಳಿನಲ್ಲಿ ಬೆರೆತಿರುವ ಗುಣಗಳು. ತಾವು ಕಲಿಸಿದುದಕ್ಕಿಂತ ಆ ಜನರಿಂದ ಕಲಿತುದೇ ಹೆಚ್ಚು ಎಂಬ ಭಾವನೆ ಬಾಲಸುಬ್ರಹ್ಮಣ್ಯಂ ಅವರ ಬರಹಗಳಲ್ಲಿ ಕಂಡುಬರುತ್ತದೆ. ಸೇವೆಯು ಮೇಲಿನಿಂದ ಕೆಳಕ್ಕೆ ಸುರಿಯುವ ನೀರಲ್ಲ. ಅದು ಎರಡು ದಡಗಳ ನಡುವೆ ಹಾಕಿದ ಸೇತುವೆ. ಅದರ ಮೇಲೆ ಎರಡು ಕಡೆಯವರೂ ನಡೆಯುತ್ತಾರೆ. ಎರಡನೆಯದು, ಆ ಸಂಸ್ಥೆಯು ಒಬ್ಬರ ಹೆಸರಿಗೆ ಅಂಟಿಕೊಳ್ಳಲಿಲ್ಲ. ಆರಂಭಿಸಿದವರು ಕಾಲಕ್ರಮದಲ್ಲಿ ಹೊಣೆಯನ್ನು ಸಹೋದ್ಯೋಗಿಗಳಿಗೆ ವಹಿಸಿ, ತಾವು ಮತ್ತೆ ವಿದ್ಯಾರ್ಥಿಯಾಗಿ ಉನ್ನತ ವ್ಯಾಸಂಗಕ್ಕೆ ಹೊರಟರು. ಕೆಲಸವು ನಿಲ್ಲಲಿಲ್ಲ. ತಾನು ಹಚ್ಚಿದ ದೀಪವನ್ನು ಇನ್ನೊಬ್ಬರ ಕೈಗೆ ಕೊಡಬಲ್ಲವನೇ ನಿಜವಾಗಿ ಬೆಳೆದವನು.

ಹಾಡಿಗಳ ಕಷ್ಟಗಳೆಲ್ಲ ಇಂದು ಮುಗಿದಿವೆ ಎಂದು ಇದರ ಅರ್ಥವಲ್ಲ. ಅರಣ್ಯವಾಸಿಗಳ ಹಕ್ಕುಗಳನ್ನು ಮಾನ್ಯ ಮಾಡುವ ಕಾಯಿದೆಯು ೨೦೦೬ರಲ್ಲಿ ಬಂದ ಮೇಲೂ ನೆಲೆಯ ಪ್ರಶ್ನೆಯು ಪೂರ್ಣವಾಗಿ ಬಗೆಹರಿದಿಲ್ಲ. ಒಂದು ತಲೆಮಾರಿನಲ್ಲಿ ಮುಗಿಯುವ ಕೆಲಸ ಅದಲ್ಲ. ಮುಂದಿನವರು ಕೈಯಿಡಲು ಇನ್ನೂ ಬೇಕಾದಷ್ಟು ಕೆಲಸ ಉಳಿದಿದೆ.

ಇದುವರೆಗೆ ಹೇಳಿದುದೆಲ್ಲ ಹೆಸರಾದವರ ವಿಷಯ. ಹೆಸರು ಬಾರದವರ ಬಾಳಿಗೆ ಗುರಿಯಿಲ್ಲವೆ? ಈ ಕೊನೆಯ ಪ್ರಶ್ನೆಗೆ ಉತ್ತರವನ್ನು ಪಡೆಯಲು ಕೃಷ್ಣರಾಜನಗರದ ಕಡೆಗೆ ಹೋಗಬೇಕು. ಹಿಂದೆ ಈ ತಾಲ್ಲೂಕಿಗೆ ಎಡತೊರೆಯೇ ಮುಖ್ಯ ಊರು. ಕಾವೇರಿಯ ದಂಡೆಯಲ್ಲಿ ಅರ್ಕೇಶ್ವರನ ಗುಡಿಯುಳ್ಳ ಪುರಾತನ ಸ್ಥಳ ಅದು. ಅನಂತರ ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರಿನಲ್ಲಿ ಹೊಸ ಪಟ್ಟಣ ಬೆಳೆಯಿತು. ಈ ಸೀಮೆಯನ್ನು ಭತ್ತದ ಕಣಜವೆಂದು ಜನರು ಕರೆಯುತ್ತಾರೆ. ಕಣಜವನ್ನು ತುಂಬಿಸಿದ್ದು ಕಾವೇರಿ. ಕಾವೇರಿಯನ್ನು ಗದ್ದೆಗಳಿಗೆ ತಂದದ್ದು ಹಳೆಯ ಕಾಲದ ಒಡ್ಡುಗಳು ಮತ್ತು ನಾಲೆಗಳು. ಚಾಮರಾಜ ನಾಲೆ, ಮಿರ್ಲೆ ನಾಲೆ, ರಾಮಸಮುದ್ರ ನಾಲೆ ಎಂಬ ಹೆಸರುಗಳು ಇಲ್ಲಿಯ ರೈತರ ನಾಲಗೆಯ ಮೇಲಿವೆ. ದೊಡ್ಡ ಯಂತ್ರಗಳಿಲ್ಲದ ದಿನಗಳಲ್ಲಿ, ಬೇಸಗೆಯಲ್ಲಿ ಹೊಳೆ ಬತ್ತಿದಾಗ, ಬಂಡೆಗಳನ್ನು ಉರುಳಿಸಿ, ಕಲ್ಲಿಗೆ ಕಲ್ಲು ಕೂಡಿಸಿ ಒಡ್ಡನ್ನು ಏರಿಸಬೇಕಾಗಿತ್ತು. ನೆಲದ ಇಳಿಜಾರನ್ನು ಅರಿತು ಕಾಲುವೆಯನ್ನು ತೋಡಬೇಕಾಗಿತ್ತು.

ಅವನ್ನು ಕಟ್ಟಿಸಿದ ಅರಸರ ಹೆಸರು ಕೆಲವೆಡೆ ಉಳಿದಿದೆ. ಕಲ್ಲು ಹೊತ್ತವರ ಹೆಸರು ಯಾವ ಶಾಸನದಲ್ಲಿಯೂ ಇಲ್ಲ. ಅವರು ಹೊತ್ತ ಕಲ್ಲುಗಳ ಮೇಲೆ ಹಾಯ್ದ ನೀರು ಮಾತ್ರ ಇಂದಿಗೂ ಗದ್ದೆಗೆ ಹರಿಯುತ್ತಿದೆ. ಆ ನೀರಿನಿಂದ ಬೆಳೆದ ಅನ್ನವನ್ನು ಉಂಡವರು ಅವರಿಗೆ ವಂದನೆ ಹೇಳಿದವರಲ್ಲ. ವಂದನೆಯನ್ನು ಬಯಸಿ ಅವರು ಕಲ್ಲು ಹೊತ್ತವರೂ ಅಲ್ಲ. ಪ್ರತಿ ವರ್ಷವೂ ನೀರು ಬಿಡುವ ಮುನ್ನ ನಾಲೆಯ ಹೂಳೆತ್ತಬೇಕು, ಏರಿಯ ಬಿರುಕನ್ನು ಮುಚ್ಚಬೇಕು. ಹಾಗೆ ನೋಡಿಕೊಳ್ಳದಿದ್ದರೆ ಎಂಥ ಅರಸನು ಕಟ್ಟಿಸಿದ ನಾಲೆಯೂ ಹಾಳಾಗುತ್ತದೆ. ಕಟ್ಟಿದವನ ಕೀರ್ತಿಗಿಂತ ಹೂಳೆತ್ತಿದವನ ಶ್ರಮವು ಕಡಿಮೆಯದಲ್ಲ. ಲೋಕದ ಬಹುಪಾಲು ಒಳ್ಳೆಯ ಕೆಲಸ ನಡೆದಿರುವುದು ಇಂಥ ಹೆಸರಿಲ್ಲದ ಕೈಗಳಿಂದ. ದಿನವೂ ಹೊತ್ತಿಗೆ ಸರಿಯಾಗಿ ತರಗತಿಗೆ ಬರುವ ಹಳ್ಳಿಯ ಉಪಾಧ್ಯಾಯಿನಿ, ಮಳೆಯಲ್ಲಿಯೂ ಹಾಡಿಗೆ ನಡೆದು ಹೋಗುವ ದಾದಿ, ಪಕ್ಕದವನ ಗದ್ದೆಗೆ ನೀರು ತಲುಪಿದ ಮೇಲೆಯೇ ಮನೆಗೆ ಹೊರಡುವ ರೈತ, ಇವರೆಲ್ಲರೂ ಗುರಿಯುಳ್ಳವರೇ.

ಈ ನಾಲ್ಕು ಕಾರ್ಯಗಳನ್ನು ಒಟ್ಟಿಗಿಟ್ಟು ನೋಡಿದಾಗ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಗುರಿಯು ಆಕಾಶದಿಂದ ಇಳಿದು ಬರುವುದಿಲ್ಲ. ನಿಂತ ನೆಲದಲ್ಲಿಯೇ ಕಣ್ಣು ತೆರೆದು ನೋಡಿದವನಿಗೆ ಅದು ಕಾಣುತ್ತದೆ. ಬೈಲುಕುಪ್ಪೆಯವರಿಗೆ ಅದು ಕಾಡು ನೆಲವಾಗಿ ಕಂಡಿತು. ಕಲ್ಲಹಳ್ಳಿಯವರಿಗೆ ಕೈಕಟ್ಟಿ ನಿಂತ ಗೇಣಿದಾರನಾಗಿ ಕಂಡಿತು. ತರುಣ ವೈದ್ಯರಿಗೆ ಹಾಡಿಯ ಮಗುವಾಗಿ ಕಂಡಿತು. ಎಡತೊರೆಯ ಸೀಮೆಯವರಿಗೆ ನೀರಿಲ್ಲದ ಗದ್ದೆಯಾಗಿ ಕಂಡಿತು. ಕಂಡುದನ್ನು ಕೈಗೆತ್ತಿಕೊಂಡ ಮೇಲೆ ದಿನನಿತ್ಯದ ದುಡಿಮೆ ಬೇಕು. ಅಡ್ಡಿ ಬಂದಾಗ ತ್ಯಾಗ ಬೇಕು. ತಿಳಿಯದುದನ್ನು ಕಲಿಯುವ ವಿನಯ ಬೇಕು. ಕೊನೆಗೆ ಹೆಸರಿನ ಹಂಬಲವನ್ನು ಬಿಟ್ಟು ಕೆಲಸವನ್ನು ಮುಂದಿನವರಿಗೆ ಒಪ್ಪಿಸುವ ಔದಾರ್ಯ ಬೇಕು. ದುಡಿಮೆ, ತ್ಯಾಗ, ವಿನಯ, ಔದಾರ್ಯಗಳು ಒಬ್ಬ ಮನುಷ್ಯನಲ್ಲಿ ಕೂಡಿ ಬಂದರೆ ಅದಕ್ಕಿಂತ ಮಿಗಿಲಾದ ವ್ಯಕ್ತಿತ್ವ ವಿಕಾಸ ಯಾವುದಿದೆ?

ವಿದ್ಯಾರ್ಥಿಯು ನಾಳೆಯೇ ಮಹಾಕಾರ್ಯವೊಂದನ್ನು ಮಾಡಬೇಕೆಂದು ಯಾರೂ ಹೇಳುವುದಿಲ್ಲ. ತನ್ನ ಬೀದಿಯಲ್ಲಿ, ತನ್ನ ತರಗತಿಯಲ್ಲಿ, ತನ್ನ ಮನೆಯಲ್ಲಿ ಯಾವ ಕೆಲಸವು ಮಾಡುವವರಿಲ್ಲದೆ ನಿಂತಿದೆ ಎಂಬುದನ್ನು ಅವನು ನೋಡಿದರೆ ಸಾಕು. ಓದಲು ತಡವರಿಸುವ ಸಹಪಾಠಿಯ ಪಕ್ಕದಲ್ಲಿ ದಿನಕ್ಕೆ ಅರ್ಧ ಗಂಟೆ ಕುಳಿತುಕೊಳ್ಳುವುದೂ ಒಂದು ಗುರಿಯ ಆರಂಭವಾಗಬಲ್ಲದು. ಅಂಥ ಒಂದು ಕೆಲಸವನ್ನು ಹಿಡಿದವನಿಗೆ ‘ಮುಂದೆ ಏನಾಗುವೆ?’ ಎಂಬ ಪ್ರಶ್ನೆ ಭಾರವಾಗುವುದಿಲ್ಲ. ಅವನು ವೈದ್ಯನಾಗಬಹುದು, ರೈತನಾಗಬಹುದು, ಗುಮಾಸ್ತನಾಗಬಹುದು. ಏನೇ ಆದರೂ ‘ಯಾರಿಗೆ ಒದಗುವೆ?’ ಎಂಬ ಎರಡನೆಯ ಪ್ರಶ್ನೆಗೆ ಉತ್ತರವು ಅವನ ದಿನದಿನದ ನಡೆಯಲ್ಲಿಯೇ ಇರುತ್ತದೆ.

ಅಭ್ಯಾಸ

೧. ಉದ್ಯೋಗಕ್ಕೂ ಬಾಳಿನ ಗುರಿಗೂ ಇರುವ ವ್ಯತ್ಯಾಸವೇನು?
೨. ಬೈಲುಕುಪ್ಪೆಗೆ ಬಂದ ಟಿಬೆಟ್ಟಿನ ಜನರು ಎದುರಿಸಿದ ಕಷ್ಟಗಳನ್ನು ವಿವರಿಸಿರಿ.
೩. ೧೯೭೪ರ ಭೂಸುಧಾರಣೆಯಿಂದ ಗೇಣಿದಾರನ ಬಾಳಿನಲ್ಲಿ ಆದ ಬದಲಾವಣೆ ಯಾವುದು? ಅದರ ಮಿತಿಯೇನು?
೪. ವೈದ್ಯರು ಶಾಲೆಯನ್ನೂ ತೆರೆಯಬೇಕಾಯಿತು, ಏಕೆ?
೫. ‘ಕಟ್ಟಿದವನ ಕೀರ್ತಿಗಿಂತ ಹೂಳೆತ್ತಿದವನ ಶ್ರಮವು ಕಡಿಮೆಯದಲ್ಲ’ – ಈ ಮಾತನ್ನು ನಿಮ್ಮ ಊರಿನ ಒಂದು ನಿದರ್ಶನದೊಡನೆ ಸಮರ್ಥಿಸಿರಿ.